ಏಳು ಗಂಟೆಯ ಮಿಸ್ ಕಾಲ್

ಮೊಬೈಲ್ ಕಂಪನಿಗಳ ಮೇಲೆ ನಿಗಾ ಇಡುವ ಕಚೇರಿಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅಕ್ಕ ದುಂಡಮ್ಮ ಸಾಯುವ ದಿನ ಕಮಲಾಪುರದಿಂದ ನನಗೆ ಆರು ಸಲ ಫೋನು ಹಚ್ಚಿದ್ದಳು. ಕಲಬುರಗಿಯಲ್ಲಿ ನನ್ನ ಫೋನು ಒಮ್ಮೆಯೂ ರಿಂಗಾಗಲಿಲ್ಲ. ದೂರು ಕೊಟ್ಟೆ. "ಪೂರ್ಣಗೊಳ್ಳದ ಕರೆಯನ್ನು ಕರೆಯೆಂದು ಪರಿಗಣಿಸಲಾಗದು" ಎಂದು ನಿಮ್ಮ ಕಚೇರಿ ಉತ್ತರ ಬರೆದಿದೆ. ಎಷ್ಟು ಚೊಕ್ಕ ಕನ್ನಡ! ಮದುವೆ ಪತ್ರಿಕೆ ಅಚ್ಚು ಹಾಕುವ ನನಗೂ ಇಂಥ ವಾಕ್ಯ ಹೊಳೆಯುತ್ತಿರಲಿಲ್ಲ.

ಅಕ್ಕ ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಹೋದ ವರ್ಷ ಅವಳಿಗೆ ಎದೆನೋವು ಬಂದಾಗ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬಂದುಬಿಡು ಎಂದು ಕರೆದೆ. "ನಿನ್ನ ಖೂಬಾ ಪ್ಲಾಟಿನಾಗ ಕುಂತು ನಾ ಏನ್ ಮಾಡ್ಲೋ ತಮ್ಮಾ? ದಿನಾ ಮುಂಜಾನಿ ಏಳಕ್ಕ ಒಂದು ಮಿಸ್ ಕಾಲ್ ಕೊಡ್ತೇನಿ. ಬಂತಂದ್ರ ಅಕ್ಕ ಆರಾಮ ಅದಾಳ ಅಂತ ತಿಳ್ಕೊ. ಬರಲಿಲ್ಲಂದ್ರ ಬಸ್ ಹತ್ತು" ಎಂದಳು. ಒಂದು ವರ್ಷ ಆ ರಿಂಗು ಕೇಳಿದ ಮೇಲೆಯೇ ನನಗೆ ಚಹಾ ರುಚಿಸುತ್ತಿತ್ತು.

ಅಕ್ಕನದು ಹೊಸ ಕಂಪನಿಯ ಸಿಮ್ಮು, ರಸ್ತೆ ಬದಿಯಲ್ಲಿ ಬಣ್ಣದ ಕೊಡೆ ಕಟ್ಟಿ ಕೂತವರು ಕೊಟ್ಟದ್ದು. ನನ್ನದು ಹಳೆಯ ಕಂಪನಿ. ಪೈಪೋಟಿಯಿಂದ ಗ್ರಾಹಕನಿಗೇ ಲಾಭ ಎಂದು ನಿಮ್ಮ ವಾರ್ಷಿಕ ವರದಿ ಹೇಳುತ್ತದೆ. ಒಪ್ಪಿದೆ, ಮಾತು ಅಗ್ಗವಾಯಿತು. ಆದರೆ ಒಂದು ಕಂಪನಿಯ ಕರೆಯನ್ನು ಇನ್ನೊಂದಕ್ಕೆ ದಾಟಿಸುವ ಲೈನುಗಳನ್ನು ಯಾರು ಹೆಚ್ಚಿಸಬೇಕು ಎಂದು ಎರಡೂ ಕಂಪನಿಗಳು ಹಟ ಹಿಡಿದು ಕೂತವು. ಗ್ರಾಹಕರು ಮಾತ್ರ ದಿನಕ್ಕೆ ಸಾವಿರ ಹೆಚ್ಚಿದರು. ಈ ಮಳೆಗಾಲದಲ್ಲಿ ಎಷ್ಟೋ ಸಲ ಹಚ್ಚಿದಾಗ "ಈ ಮಾರ್ಗದ ಎಲ್ಲ ಲೈನುಗಳು ಕಾರ್ಯನಿರತವಾಗಿವೆ" ಎಂಬ ಹೆಣ್ಣುದನಿಯೇ ಕೇಳುತ್ತಿತ್ತು. ಆಗ ನೀವು ಯಾವ ಕಾರ್ಯದಲ್ಲಿ ನಿರತರಾಗಿದ್ದಿರಿ?

ಮೊದಲ ಸಲ ಮಿಸ್ ಕಾಲ್ ಬರದಿದ್ದಾಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಸ್ಸಿಗೆ ಓಡಿದೆ. ಅಕ್ಕ ಬುಟ್ಟಿಯ ಮುಂದೆ ಕೂತು ನಕ್ಕಳು. "ನಾ ಹಚ್ಚೀನೋ, ಹತ್ತಲಿಲ್ಲ. ಹ್ಯಾಂಗೂ ಬಂದೀದಿ, ನಾಕು ಹಣ್ಣು ತಿಂದು ಹೋಗು." ಎರಡನೆಯ ಸಲವೂ ಹಾಗೇ ಆಯಿತು. ರಿಚಾರ್ಜ್ ಅಂಗಡಿಯ ವಹಾಬನನ್ನು ಕೇಳಿದೆ. "ಹೊಡದಾಡೋರು ಅವ್ರು, ಲೈನ್ ಬಂದ್ ಆಗೋದು ನಮ್ದು. ನೀವು ಅಕ್ಕ-ತಮ್ಮ ಇಬ್ರೂ ಒಂದೇ ಕಂಪನಿ ಸಿಮ್ ಮಾಡ್ಕೋರಿ ಸಾಬ್, ಕಂಪನಿಯೋರಿಗೂ ಅದೇ ಬೇಕಾಗ್ಯದ" ಎಂದ. ಅಕ್ಕನ ಓಣಿಯಲ್ಲಿ ನನ್ನ ಕಂಪನಿಯ ಸಿಗ್ನಲ್ ಇರಲಿಲ್ಲ. ನಾನು ಕಂಪನಿ ಬಿಟ್ಟರೆ ಗಿರಾಕಿಗಳ ಬಳಿ ಇರುವ ನಂಬರನ್ನೂ ಬಿಡಬೇಕು. ಮುಂದಿನ ವಾರ ನೋಡೋಣ ಎಂದು ತಳ್ಳಿದೆ. ಮೂರನೆಯ, ನಾಲ್ಕನೆಯ ಸಲ ನಾನು ಬಸ್ ಹತ್ತಲಿಲ್ಲ; ಮರುದಿನ ಏಳಕ್ಕೆ ರಿಂಗು ಬಂದೇ ಬಂತು.

ಐದನೆಯ ಸಲ ಮಿಸ್ ಕಾಲ್ ತಪ್ಪಿದ್ದು ಸೆಪ್ಟೆಂಬರಿನ ಒಂದು ಗುರುವಾರ. "ಅಕ್ಕಂದು ಬಂತೇನ್ರೀ?" ಎಂದು ಹೆಂಡತಿ ರೇವಮ್ಮ ಕೇಳಿದಳು. "ಲೈನ್ ಸಿಕ್ಕಿರಲಿಕ್ಕಿಲ್ಲ ತಗೋ" ಎಂದು ಹೇಳಿ ಪ್ರೆಸ್ಸಿಗೆ ಹೋದೆ. ಮಧ್ಯಾಹ್ನ ಪಕ್ಕದ ಮನೆಯವರು ಬಾಗಿಲು ತಳ್ಳಿ ನೋಡುವ ಹೊತ್ತಿಗೆ ಅಕ್ಕ ತಣ್ಣಗಾಗಿದ್ದಳು. ಅವಳ ಫೋನಿನಲ್ಲಿ ಏಳರಿಂದ ಏಳೂವರೆಯೊಳಗೆ ನನ್ನ ನಂಬರು ಆರು ಸಲ ಇದೆ. ಬೇರೆ ದಿನ ಒಮ್ಮೆ ಹತ್ತದಿದ್ದರೆ ಬಿಟ್ಟುಬಿಡುತ್ತಿದ್ದವಳು ಅಂದು ಆರು ಸಲ ಹಚ್ಚಿದ್ದಾಳೆ.

ಬಿಲ್ ಆಗದ್ದು ನಡೆದೇ ಇಲ್ಲವೆನ್ನುವುದು ಯಾವ ನ್ಯಾಯ? ಹೊಸ ಗ್ರಾಹಕರ ಸಂಖ್ಯೆಯನ್ನು ಜಾಹೀರಾತಿನಲ್ಲಿ ಹಾಕುವ ಕಂಪನಿಗಳು, ಆ ತಿಂಗಳು ದಾಟಿಸದೆ ಬಿಟ್ಟ ಕರೆಗಳ ಸಂಖ್ಯೆಯನ್ನೂ ಅದರ ಪಕ್ಕದಲ್ಲೇ ಪ್ರಕಟಿಸಲಿ. ಸಾಕಷ್ಟು ಲೈನು ಕೊಡುವ ತನಕ ಹೊಸ ಸಿಮ್ ಮಾರದಂತೆ ತಡೆಯಿರಿ. ನನಗೆ ಪರಿಹಾರ ಬೇಡ. ಅಂದು ಬಸ್ ಹತ್ತದ ತಪ್ಪು ನನ್ನದು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ನಿಮ್ಮ ಉತ್ತರವನ್ನು ತಿದ್ದಿ ಇನ್ನೊಮ್ಮೆ ಬರೆಯಿರಿ. ನನ್ನ ಅಕ್ಕ ನನ್ನನ್ನು ಕರೆಯಲಿಲ್ಲ ಎಂದು ಮಾತ್ರ ಹೇಳಬೇಡಿ.

ಇಂತಿ,
ನಿಮ್ಮ ವರದಿಯ ಪ್ರಕಾರ ಪೈಪೋಟಿಯ ಲಾಭ ಪಡೆದವನು,
ಮಾಪಣ್ಣ
ಖೂಬಾ ಪ್ಲಾಟ್, ಕಲಬುರಗಿ
ಅಕ್ಟೋಬರ್ 2008