ಮೂವತ್ತೊಂದು ಡಿಗ್ರಿಯ ಗುಳ್ಳೆ

ಮಾರ್ಚ್ 11, ಸೋಮವಾರ

ಮತ್ತೆ ಕರೆಂಟ್ ಹೋಯ್ತು. ಮೈಕ್ರೋಸ್ಕೋಪ್ ರೂಮಿನ ಎ.ಸಿ. ಒಂದು ಉಸಿರು ಬಿಟ್ಟು ಸುಮ್ಮನಾಯಿತು. ಬಂತು. ಮತ್ತೆ ಹೋಯ್ತು. ಇವತ್ತಿನ ಕೆಲಸ ಅರ್ಧಕ್ಕೇ ನಿಂತಿತು.

ಹೊಸ ಬ್ಯಾಚಿನ ಹುಡುಗಿಯೊಬ್ಬಳು ಕೇಳಿದಳು — "ಮೇಡಂ, ಕಲ್ಲಿನ್ಯಾಗ ನೀರು ಹೆಂಗ ಹೋಗತೈತ್ರಿ?" ಹೋಗಂಗಿಲ್ಲ ತಾಯಿ, ಸಿಕ್ಕೊಳ್ಳತೈತಿ ಅಂದೆ. ಹರಳು ಬೆಳೆಯುವಾಗ ಸುತ್ತಲಿನ ದ್ರವ ಒಂದು ಹನಿ ಒಳಗೇ ಉಳಿದುಬಿಡುತ್ತದೆ. ಕೋಟಿಗಟ್ಟಲೆ ವರ್ಷ. ಕೂದಲೆಳೆಗಿಂತ ಸಣ್ಣದು, ಅದರಲ್ಲೊಂದು ಗುಳ್ಳೆ. ಕಾಯಿಸುತ್ತ ಹೋದರೆ ಯಾವ ಡಿಗ್ರಿಗೆ ಗುಳ್ಳೆ ಮಾಯವಾಗುತ್ತದೋ ಅದರಿಂದ ಹರಳು ಹುಟ್ಟಿದ ಕಾಲದ ಬಿಸಿಯ ಅಂದಾಜು ಸಿಗುತ್ತದೆ. ಇಷ್ಟು ವರ್ಷ ನನ್ನ ಹೊಟ್ಟೆಪಾಡು ಇದೇ.

ಅಫ್ಸರನ ಹರಳು ಮಾತ್ರ ಬೇರೆ. ಅಫ್ಸರ ಅಂದರೆ ನನ್ನ ಕೈಕೆಳಗೆ ಪಿಎಚ್.ಡಿ. ಮಾಡುವ ಹುಡುಗ, ಇಳಕಲ್ಲಿನವ. ಜನವರಿಯ ಚಳಿಯಲ್ಲಿ ಊರ ಹತ್ತಿರದ ಕಲ್ಲುಗಣಿಯ ಕಸದಲ್ಲಿ ಹೆಕ್ಕಿದ್ದು. ಒಳಗಿನ ಹನಿ ಸಾಸಿವೆ ಕಾಳಿನಷ್ಟು! ಬರಿಗಣ್ಣಿಗೆ ಗುಳ್ಳೆ ಕಾಣುತ್ತದೆ. ಓರೆ ಮಾಡಿದರೆ ಆ ಕಡೆಯಿಂದ ಈ ಕಡೆ ಓಡುತ್ತದೆ. ಇಂಥದ್ದು ನಾನೂ ಕಂಡಿಲ್ಲ. "ನಿನ್ನ ಥೀಸಿಸ್ಸಿಗೆ ಇದ ಮೂಗುತಿ" ಅಂದೆ. ಹುಡುಗ ಕಿವಿ ಕೆಂಪು ಮಾಡಿಕೊಂಡು ನಕ್ಕ.

ಏಪ್ರಿಲ್ 22

ಹರಳಿನ ಒಂದು ಮುಖ ಪಾಲಿಶ್ ಆಗಬೇಕು. ಅಫ್ಸರ ತಾನೇ ಮನೆಯಲ್ಲಿ ಮಾಡುತ್ತೇನೆಂದ. ಅವನಪ್ಪ ಖಾಸಿಂಸಾಬ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಲ್ಲಿ ಜೀವ ಸವೆಸಿ ತೀರಿಕೊಂಡವರು. ಕೆಲಸ ಮನೆತನದಲ್ಲೇ ಇದೆ.

ಮೂರು ಸಲ ಹೇಳಿದೆ — ಹರಳನ್ನು ಗಾಜಿಗೆ ಮೇಣದಿಂದ ಅಂಟಿಸುವುದಕ್ಕೆ ಬಿಸಿ ಪ್ಲೇಟಿನ ಮೇಲೆ ಇಡಬೇಡ. ಹನಿ ಉಬ್ಬಿ ಹರಳು ಬಿರಿದರೆ ಮುಗಿಯಿತು.

"ಕೈಲೇ ತಿಕ್ಕತೇನ್ರಿ ಮೇಡಂ, ತಣ್ಣೀರಾಗ. ಬಿಸಿ ಸೋಕಸಂಗಿಲ್ಲ."

ಮೇ 14, ಮಂಗಳವಾರ

ಸಿಟ್ಟಿಗೆ ಅಕ್ಷರ ನೆಟ್ಟಗಾಗುತ್ತಿಲ್ಲ.

ಅಫ್ಸರ ಹರಳು ತಂದ. ಅವ್ವನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು. ಸ್ಟಾಫ್ ರೂಮಿನಲ್ಲಿ ಫ್ಯಾನು ಬೆಂಕಿ ಬೀಸುತ್ತಿತ್ತು. ತೆಗೆದು ಓರೆ ಮಾಡಿದೆ. ಗುಳ್ಳೆ ಇಲ್ಲ. ಮೈಕ್ರೋಸ್ಕೋಪ್ ರೂಮಿಗೆ ಓಡಿದೆ — ಎ.ಸಿ. ಕೆಟ್ಟು ವಾರವಾಯಿತು — ಬೆವರು ಒರೆಸುತ್ತ ನೋಡಿದೆ. ಅಲ್ಲೂ ಇಲ್ಲ. ಬಿರುಕೂ ಕಾಣಲಿಲ್ಲ. ಕಾಣದಷ್ಟು ಸಣ್ಣದಿರಬೇಕು.

ವಾಪಸು ಬಂದು ಕೇಳಿದೆ. "ಬಿಸಿ ಪ್ಲೇಟಿನ ಮ್ಯಾಲೆ ಇಟ್ಟಿ, ಹೌದಿಲ್ಲೋ?"

"ಇಲ್ರೀ ಮೇಡಂ. ಮನ್ಯಾಗ ತಿಕ್ಕಾಕ ತಗದಾಗನ ಗುಳ್ಳಿ ಇರಲಿಲ್ರಿ. ನನಗೂ ತಿಳೀವಲ್ತು. ಅದನ್ನ ಹೇಳಾಕಂತನ ಬಂದೇನಿ."

"ಸುಳ್ಳು ಹೇಳಬ್ಯಾಡ. ಗುಳ್ಳಿ ತಾನ ಎದ್ದು ಹೋತೇನು? ಫ್ಯಾಕ್ಟರಿ ಮಂದಿಗೆ ಲ್ಯಾಬ್ ಯಾಕ ಬೇಕಂತೀನಿ!"

ಇಡೀ ಸ್ಟಾಫ್ ರೂಮ್ ಕೇಳಿತು. ಹೆಡ್ ರಾಜಕುಮಾರ ಸರ್ ಚಹದ ಕಪ್ಪಿನೊಳಗೆ ಮುಖ ಇಟ್ಟರು. ಅಫ್ಸರ ಸೀರೆಯ ತುಂಡನ್ನು ನೀಟಾಗಿ ಮಡಚಿ, ಕಿಸೆಯಲ್ಲಿಟ್ಟುಕೊಂಡು ಹೋದ. ಹರಳು ಟೇಬಲ್ ಮೇಲೇ ಇತ್ತು.

ಮೇ 15

ಅಂದದ್ದು ಸ್ವಲ್ಪ ಜಾಸ್ತಿಯಾಯಿತೇನೋ. ಆದರೂ ತಪ್ಪು ಅವನದೇ. ಹರಳು ಡ್ರಾದೊಳಗೆ ಹಾಕಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಜುಲೈ 3

ಅಫ್ಸರನ ಸುದ್ದಿ ಇಲ್ಲ. ರಾಜಕುಮಾರ ಸರ್ ಹೇಳಿದರು — "ಪಾಲಿಶ್ ಮಷೀನಿಗೆ ನಿಂತಾನಂತ್ರಿ, ಅವರಪ್ಪ ಇದ್ದಲ್ಲೇ. ವರ್ಷ ಮುಗಿಯೂದ್ರಾಗ ರಿಜಿಸ್ಟ್ರೇಶನ್ ರಿನ್ಯೂ ಆಗಲಿಲ್ಲಂದ್ರ ಅವನ ಸೀಟು ಹೋಗತೈತಿ. ನೀವ ಒಂದು ಮಾತು ಕರೀರಲ್ಲ."

ನಾನ್ಯಾಕೆ ಕರೆಯಲಿ? ಬೇಕಾದವನು ಬರುತ್ತಾನೆ.

ಡಿಸೆಂಬರ್ 16, ಸೋಮವಾರ, ಬೆಳಿಗ್ಗೆ

ಚಳಿ. ಬಾಗಲಕೋಟೆಯ ವಿದ್ಯಾಗಿರಿಯ ರಸ್ತೆಯಲ್ಲಿ ಎಲ್ಲರ ಕಿವಿಗೂ ಮಫ್ಲರು. ಸ್ಟೇಪ್ಲರ್ ಹುಡುಕಲು ಡ್ರಾ ಎಳೆದೆ. ಹರಳು ಕೈಗೆ ಬಂತು. ರೂಢಿಯಿಂದ ಓರೆ ಮಾಡಿದೆ.

ಗುಳ್ಳೆ ಓಡಿತು.

ಹರಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತೆ, ಎಷ್ಟು ಹೊತ್ತೋ. ಬಿಚ್ಚಿದೆ — ಗುಳ್ಳೆ ಇಲ್ಲ. ಕಿಟಕಿಯ ತಣ್ಣನೆ ಕಟ್ಟೆಯ ಮೇಲೆ ಇಟ್ಟೆ. ಬಂತು.

ಒಳಗಿರುವುದು ನೀರಲ್ಲ. ಕಾರ್ಬನ್ ಡೈಆಕ್ಸೈಡ್, ಒತ್ತಡಕ್ಕೆ ದ್ರವವಾಗಿ ಕೂತದ್ದು. ಮೂವತ್ತೊಂದು ಡಿಗ್ರಿ ದಾಟಿತೋ, ದ್ರವ ಅನಿಲ ಎರಡೂ ಒಂದಾಗಿ ಗುಳ್ಳೆ ಕರಗುತ್ತದೆ. ತಣ್ಣಗಾದರೆ ಮತ್ತೆ ಬರುತ್ತದೆ. ಮೊದಲ ವರ್ಷದ ಪಾಠ! ಪ್ರತಿ ಬ್ಯಾಚಿಗೂ ಬೋರ್ಡ್ ಮೇಲೆ 31 ಬರೆದು ಸುತ್ತು ಹಾಕುತ್ತೇನೆ. ಪುಸ್ತಕದಲ್ಲಿ ‘ರೂಮ್ ಟೆಂಪರೇಚರ್‌ನಲ್ಲಿ ಗುಳ್ಳೆ ಕಾಣುತ್ತದೆ’ ಎಂದಿದೆ. ಬರೆದವರ ಊರಿನ ರೂಮು ತಣ್ಣಗಿರುತ್ತದೆ. ಮಾರ್ಚಿನಲ್ಲಿ ಗುಳ್ಳೆ ಕಂಡದ್ದು ಎ.ಸಿ.ಯ ತಂಪಿನಲ್ಲಿ; ಮೇ ತಿಂಗಳ ಆ ದಿನ ನನ್ನ ರೂಮಿನಲ್ಲಿ ನಲವತ್ತಿತ್ತು. ಬೆವರು ಒರೆಸಿಕೊಂಡೆನೇ ಹೊರತು ಬೆವರು ಯಾಕೆ ಬಂತೆಂದು ಯೋಚಿಸಲಿಲ್ಲ.

ಹುಡುಗ ಖರೇನೇ ಹೇಳಿದ್ದ.

ಡಿಸೆಂಬರ್ 17

ಮೇ ತಿಂಗಳ ಪುಟ ತಿರುವಿದೆ. ‘ಬಿರುಕೂ ಕಾಣಲಿಲ್ಲ’ — ನನ್ನದೇ ಅಕ್ಷರ. ಕಣ್ಣು ಸರಿಯಾಗೇ ನೋಡಿತ್ತು. ತಲೆಗೆ ಬೇಕಾದದ್ದು ಬಯ್ಯುವುದಕ್ಕೆ ಒಬ್ಬ ಮನುಷ್ಯ.

ಹರಳಿನ ತಪ್ಪಾದರೂ ಹೋಗಲಿ. ‘ಫ್ಯಾಕ್ಟರಿ ಮಂದಿ’ ಅಂದೆನಲ್ಲ... ನಾನು ಯಾರ ಮಗಳು? ಅದೇ ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯ್ದವನ ಮಗಳು. ‘ಮಗ್ಗದ ಮಂದಿಗೆ ಮೈಕ್ರೋಸ್ಕೋಪ್ ಯಾಕೆ’ ಎಂದು ನನಗ್ಯಾರೂ ಅನ್ನಲಿಲ್ಲ. ಅಂದಿದ್ದರೆ ಅಲ್ಲೇ ಸಾಯುತ್ತಿದ್ದೆ. ಕನ್ನಡಿ ನೋಡಲು ನಾಚಿಕೆ.

ಫೋನ್ ಮಾಡಿದೆ. ಎತ್ತಲಿಲ್ಲ. ‘ರಿನ್ಯೂವಲ್ ಇದೆ, ಬಾ’ ಎಂದು ಮೆಸೇಜ್ ಬರೆದು, ಗುಳ್ಳೆಯ ವಿಷಯ ಬಿಟ್ಟೆ. ಓದಿಕೊಂಡೆ. ಅಳಿಸಿದೆ. ಕಳ್ಳಿ.

ಡಿಸೆಂಬರ್ 22, ಭಾನುವಾರ — ಇಳಕಲ್

ಮೊದಲು ತವರಿಗೆ. ಅವ್ವನಿಗೆ ಎಲ್ಲ ಹೇಳಿದೆ. ಸಮಾಧಾನ ಹೇಳುತ್ತಾಳೆ ಅಂದುಕೊಂಡಿದ್ದೆ. "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಇಲ್ಲಿ ಕುಂತು ಏನ್ ಮಾಡ್ತಿ? ಏಳು" ಅಂದಳು.

ಅಫ್ಸರನ ತಾಯಿ ಲಾಡಬಿ ಬಾಗಿಲಲ್ಲೇ ಗುರುತು ಹಿಡಿದರು. "ಬರ್ರಿ ಅಕ್ಕಾರ, ಒಳಗ ಬರ್ರಿ." ಅಡುಗೆಮನೆಯಲ್ಲೇ ಚಾಪೆ ಹಾಸಿದರು. ಚಹ ಕೊಟ್ಟರು. ಮಗ ಮನೆಯಲ್ಲಿ ಏನೂ ಹೇಳಿಲ್ಲ! "ನಮ್ಮ ಹುಡುಗ ಏನರ ತಪ್ಪು ಮಾಡಿದ್ನೇನ್ರಿ? ಓದು ಸಾಕು ಅಂತಾನ, ಯಾಕಂದ್ರ ಹೇಳಂಗಿಲ್ಲ." ಚಹದ ಲೋಟ ಕೆಳಗಿಟ್ಟೆ.

ಅಫ್ಸರ ಬಂದ. ರೆಪ್ಪೆಯ ಮೇಲೂ ಕಲ್ಲುಪುಡಿ. ಹರಳು ಕೈಗೆ ಕೊಟ್ಟೆ. ಓರೆ ಮಾಡಿದ. ಗುಳ್ಳೆ ಓಡಿತು. ಮುಷ್ಟಿ ಬಿಗಿದ, ಸ್ವಲ್ಪ ಹೊತ್ತಿಗೆ ಬಿಚ್ಚಿ ನೋಡಿದ. ಹುಷಾರು ಹುಡುಗ. ನನಗೆ ಅರ್ಧ ವರ್ಷ ಬೇಕಾದದ್ದು ಅವನಿಗೆ ಅಲ್ಲೇ ತಿಳಿಯಿತು.

"ಹೋತ್ರಿ ಮೇಡಂ. ಈಗೂ ನಾನ ಕೆಡಿಸಿದ್ನೇನ್ರಿ?"

"ತಪ್ಪು ನಂದೋ ಅಫ್ಸರ. ನಂದ. ಕ್ಷಮಾ ಮಾಡು. ವಾಪಸ್ ಬಾ."

ಲಾಡಬಿ ಸೆರಗು ಬಾಯಿಗೆ ಹಿಡಿದು ಇಬ್ಬರ ಮುಖವನ್ನೂ ನೋಡುತ್ತಿದ್ದರು. ಅಫ್ಸರ ಹರಳನ್ನು ನನ್ನ ಪಕ್ಕ ಚಾಪೆಯ ಮೇಲಿಟ್ಟ. ದನಿ ಎತ್ತರಿಸಲಿಲ್ಲ.

"ಬೈದದ್ದು ಎಲ್ಲಾರ ಮುಂದ. ಕ್ಷಮಾ ಕೇಳೂದು ನಮ್ಮ ಅಡಗಿಮನ್ಯಾಗೇನ್ರಿ, ಮೇಡಂ?"

ಬಸ್ಸಿನಲ್ಲಿ ಬಾಗಲಕೋಟೆಯವರೆಗೂ ಅದೇ ಮಾತು ಕಿವಿಯಲ್ಲಿ. ಹುಡುಗ ನ್ಯಾಯವಾಗೇ ಕೇಳಿದ. ಆದರೆ ಅಷ್ಟು ಜನರ ಮುಂದೆ... ಇಷ್ಟು ವರ್ಷದ ಹೆಸರು... ಬಸ್ಸು ಗುಡೂರು ದಾಟುವಾಗ ಎ.ಸಿ. ರಿಪೇರಿಯವನ ಮೇಲೆ ತಪ್ಪು ಹಾಕಬಹುದಲ್ಲ ಎಂದೂ ಯೋಚಿಸಿದೆ. ಇಂಥವಳು ನಾನು.

ಡಿಸೆಂಬರ್ 28

ರಾಜಕುಮಾರ ಸರ್‌ಗೆ ಹೇಳಿದೆ, ಸೋಮವಾರದ ಮೀಟಿಂಗಿನಲ್ಲಿ ಮೊದಲ ಮಾತು ನನ್ನದು. "ಬಿಡ್ರಿ ಸುಮಾ ಮೇಡಂ, ಆಗಿದ್ದಾತು, ಒಳಗೊಳಗ ಮುಗಸೂಣು" ಅಂದರು. ಎಂಥ ಆಸೆಯಾಯಿತು ಹೂಂ ಅನ್ನಲು! ಅನ್ನಲಿಲ್ಲ. ಅಫ್ಸರನಿಗೆ ಮೆಸೇಜ್ ಹಾಕಿದೆ. ನೋಡಿದ್ದಾನೆ. ಉತ್ತರವಿಲ್ಲ.

ಡಿಸೆಂಬರ್ 30, ಸೋಮವಾರ — ಸ್ಟಾಫ್ ರೂಮ್

ಎಲ್ಲರೂ ಬಂದಾಯಿತು. ಅಂದು ಇದ್ದವರೆಲ್ಲ ಇದ್ದಾರೆ. ಕೈಗೆ ಕೆಲಸ ಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಹರಳು ಮುಂದೆ, ತಣ್ಣೀರಿನ ಲೋಟದಲ್ಲಿ. ಗುಳ್ಳೆ ಇದೆ.

ಅಫ್ಸರ ಬಂದಿದ್ದಾನೆ. ಬಾಗಿಲ ಹತ್ತಿರ ನಿಂತಿದ್ದಾನೆ. ಕುರ್ಚಿ ತೋರಿಸಿದರು, ಕೂಡಲಿಲ್ಲ. ಪಕ್ಕದಲ್ಲಿ ಲಾಡಬಿ... ತಾಯಿಯನ್ನೂ ಕರೆತಂದಿದ್ದಾನೆ.

ಸರ್ ನನ್ನ ಕಡೆ ನೋಡಿದರು. ಏಳಬೇಕು. ಮೊದಲ ಮಾತು ಹರಳಿನದಲ್ಲ, ಮೂವತ್ತೊಂದರದಲ್ಲ, ‘ಫ್ಯಾಕ್ಟರಿ ಮಂದಿ’ ಅಂದದ್ದು. ಅವನ ತಾಯಿಯ ಎದುರೇ ಅದನ್ನು ಮತ್ತೆ ಬಾಯಿಬಿಟ್ಟು ಹೇಳಬೇಕು. ಎದ್ದೆ—