ಒಂದನೇ ನಂಬರಿನ ಸೀಟು

ಪ್ರೀತಿಯ ಅಪ್ಪಾ,

ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡಿ. ನಿಮ್ಮ ಕಪ್ಪು ಗಾಡಿಯನ್ನು ಕೊಟ್ಟುಬಿಟ್ಟೆವು. ಬದಲಿಗೆ ಬೂದು ಬಣ್ಣದ್ದೊಂದು ಬಂದಿದೆ. ಅದೂ ಸೆಕೆಂಡ್ ಹ್ಯಾಂಡೇ, ಅದೂ ಉದ್ದ ಮೂತಿಯ ದೊಡ್ಡ ಜರ್ಮನ್ ಗಾಡಿಯೇ. "ಹೊಸ ಡಬ್ಬಿ ಯಾರಿಗೆ ಬೇಕು ಮಾರಾಯ್ತಿ? ಹಳತಾದ್ರೂ ರಾಜನ ಹಾಗೆ ಕೂರ್ಬೇಕು" ಎನ್ನುತ್ತಿದ್ದಿರಲ್ಲ, ಆ ಮಾತನ್ನು ನಾನು ಮೀರಿಲ್ಲ.

ಕಪ್ಪು ಗಾಡಿ ಬಂದ ಮೊದಲ ಭಾನುವಾರ ನೆನಪುಂಟಾ? ಆಂಟಾಪ್ ಹಿಲ್‌ನಲ್ಲಿ ಯಾರದೋ ಹೋಟೆಲಿನ ಗಲ್ಲಾದಲ್ಲಿ ವರ್ಷಗಟ್ಟಲೆ ಕೂತು, ಆಮೇಲೆ ಚೆಂಬೂರಿನಲ್ಲಿ ನಮ್ಮದೇ ಪುಟ್ಟ ಹೋಟೆಲು ಮಾಡಿ, ಅರವತ್ತು ತುಂಬಿದ ಮೇಲೆ ನೀವು ತಂದ ಗಾಡಿ. ದೇವರ ಕೋಣೆಗೆ ಹೋಗುವವರ ಹಾಗೆ ಚಪ್ಪಲಿಯನ್ನು ಬಿಲ್ಡಿಂಗಿನ ಗೇಟಿನ ಬಳಿ ಬಿಟ್ಟು ಒಳಗೆ ಕೂತಿರಿ. ಮರೀನ್ ಡ್ರೈವ್ ತಲುಪಿ ಬಾಗಿಲು ತೆಗೆದಾಗಲೇ ಗೊತ್ತಾದದ್ದು, ಚಪ್ಪಲಿ ಚೆಂಬೂರಿನಲ್ಲೇ ಬಾಕಿ! ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀವು ಬರಿಗಾಲಲ್ಲೇ ಕಟ್ಟೆಯ ಮೇಲೆ ಕೂತು, "ಸಮುದ್ರ ನೋಡ್ಲಿಕ್ಕೆ ಚಪ್ಪಲಿ ಎಂತಕ್ಕೆ?" ಎಂದಿರಿ. ಅವತ್ತಿನಿಂದ ನಿಮ್ಮ ಚಪ್ಪಲಿ ಎತ್ತಿ, ನಿನ್ನೆಯ ಪೇಪರಿನಲ್ಲಿ ಸುತ್ತಿ, ಹಿಂದಿನ ಸೀಟಿನಲ್ಲಿ ತನ್ನ ಕಾಲ ಬಳಿ ಇಟ್ಟುಕೊಳ್ಳುವುದು ಅಮ್ಮನ ಕೆಲಸವಾಯಿತು.

ಡ್ರೈವರ್ ಬಾಗಿಲಿನ ಮೂರು ಬಟನ್‌ಗಳನ್ನು ನೀವು ಎಷ್ಟು ಹೆಮ್ಮೆಯಿಂದ ತೋರಿಸಿದ್ದಿರಿ! ಒತ್ತಿದರೆ ಸಾಕು, ಸೀಟು ತಾನಾಗಿಯೇ ಅವರವರ ಅಳತೆಗೆ ಸರಿಯುತ್ತದೆ. ಒಂದನೇ ನಂಬರ್ ನಿಮ್ಮದು, ಎರಡು ನನ್ನದು. "ಮೂರನೆಯದು ನಿಂಗೆ" ಎಂದು ಅಮ್ಮನನ್ನು ಕರೆದರೆ, "ನಂಗೆ ಎಂತಕ್ಕೆ? ನಾನು ಹಿಂದೆ ಕೂರುವವಳು" ಎಂದುಬಿಟ್ಟರು. ಮೂರನೆಯದು ಖಾಲಿಯೇ ಉಳಿಯಿತು. ನೀವು ಇನ್ನೂ ಸ್ವಲ್ಪ ಒತ್ತಾಯ ಮಾಡಬೇಕಿತ್ತು ಅಂತ ಈಗ ಅನಿಸುತ್ತದೆ...

ನೀವು ಹೋದ ಮೇಲೆ ಒಂದು ಮಧ್ಯಾಹ್ನ ಅಮ್ಮ ಮನೆಯಲ್ಲಿ ಕಾಣಲಿಲ್ಲ. ಹುಡುಕುತ್ತಾ ಕೆಳಗೆ ಬಂದರೆ ಪಾರ್ಕಿಂಗಿನಲ್ಲಿದ್ದರು. ಗಾಡಿಯ ಮುಂದಿನ ಬಾಗಿಲು ತೆಗೆದು ಒಂದನೇ ಬಟನ್ ಒತ್ತಿದರು. ನನ್ನ ಅಳತೆಯಲ್ಲಿದ್ದ ಸೀಟು ಮೆಲ್ಲಗೆ ಹಿಂದೆ ಜಾರಿತು, ತುಸು ಇಳಿಯಿತು, ಬೆನ್ನು ಒರಗಿತು. ಯಾರೂ ಇಲ್ಲ ಅಪ್ಪಾ, ಆದರೆ ನೀವೇ ಬಂದು ನಿಧಾನಕ್ಕೆ ಕೂತ ಹಾಗೆ ಇತ್ತು. ಅಮ್ಮ ಹಿಂದೆ ಕೂತು ನಿಮಗೆ ವರದಿ ಒಪ್ಪಿಸತೊಡಗಿದರು. ಹೋಟೆಲಿನ ಚಟ್ನಿ ತರಿತರಿ ಆಗ್ತಾ ಉಂಟು, ಹೊಸ ಭಟ್ಟರಿಗೆ ಕೈ ರುಚಿ ಇಲ್ಲ, ಮಗಳು ಸರಿಯಾಗಿ ಊಟ ಮಾಡುವುದಿಲ್ಲ. ಕಂಬದ ಹಿಂದೆ ನಿಂತು ನಾನು ಅತ್ತುಬಿಟ್ಟೆ. ನಿಮಗೆ ಅದೆಲ್ಲ ಕೇಳಿಸುತ್ತಿತ್ತಾ?

ಗೇರ್‌ಬಾಕ್ಸ್ ಕೈಕೊಟ್ಟ ದಿನ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ, "ಅಬ್ ಬಸ್ ಕರೋ ದೀದಿ, ಬೇಚ್ ಡಾಲೋ" ಎಂದ. ಮಾರುವ ಮಾತೆತ್ತಿದ್ದೇ ತಡ, ಅಮ್ಮ ಮುಖ ತಿರುಗಿಸಿದರು. "ಓಡದಿದ್ರೆ ಬೇಡ, ನಿಂತಿರ್ಲಿ. ಅವರನ್ನು ಎಲ್ಲಿಗೆ ಕಳಿಸ್ತಿ ನೀನು?" ಗಾಡಿ ಮೂರು ತಿಂಗಳು ನಿಂತಲ್ಲೇ ನಿಂತಿತು. ಕೊನೆಗೊಂದು ದಿನ ಬ್ಯಾಟರಿಯೂ ಸತ್ತು, ಅಮ್ಮ ಎಷ್ಟು ಒತ್ತಿದರೂ ಸೀಟು ಅಲ್ಲಾಡಲಿಲ್ಲ. ಮೇಲೆ ಬಂದು ನೀರು ಕುಡಿದು, "ಇನ್ನು ಬರುವುದಿಲ್ಲ ಅವರು. ಕೊಟ್ಟುಬಿಡು" ಎಂದರು. ನಾನು ಬ್ಯಾಟರಿ ಬದಲಾಯಿಸುತ್ತೇನೆ ಎಂದೆ. ಬೇಡ ಎಂದು ಕೈ ಆಡಿಸಿದರು.

ಬೂದು ಗಾಡಿ ಸಿಕ್ಕಿದ್ದು ಬೊರಿವಲಿಯ ಒಂದು ಹಳೇ ಗಾಡಿಗಳ ಅಂಗಡಿಯಲ್ಲಿ. ಅಮ್ಮ ಸುಮ್ಮನೆ ಜೊತೆಗೆ ಬಂದಿದ್ದರು. ಅಭ್ಯಾಸಬಲ ನೋಡಿ, ಬಾಗಿಲು ತೆಗೆದವರೇ ಒಂದನೇ ಬಟನ್ ಒತ್ತಿದರು! ಸೀಟು ಹಿಂದೆ ಹೋಗಲಿಲ್ಲ ಅಪ್ಪಾ. ಮುಂದೆ ಮುಂದೆ ಬಂದು, ಮೇಲೆದ್ದು, ಸ್ಟೀರಿಂಗಿನ ಹತ್ತಿರ ನಿಂತಿತು.

"ಇದು ಯಾರ ಜಾಗ?"

"ಈ ಗಾಡಿ ಮೊದಲು ಒಬ್ಬರು ಟೀಚರದ್ದಂತೆ ಅಮ್ಮ, ಅವರೇ ಓಡಿಸ್ತಿದ್ದದ್ದಂತೆ."

"ಹೆಂಗಸಾ? ನನ್ನಷ್ಟೇ ಗಿಡ್ಡ?"

ಅಮ್ಮ ಒಂದು ಗಳಿಗೆ ಯೋಚಿಸಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಚಪ್ಪಲಿ ಕಳಚಿ, ಆ ಸೀಟಿನಲ್ಲಿ ಕೂತುಬಿಟ್ಟರು. ನಿಮ್ಮ ಗಾಡಿಯಲ್ಲಿ ಒಮ್ಮೆಯೂ ಮುಂದೆ ಕೂರದವರು! ಕಾಲು ಚಾಚಿ ನೋಡಿ, "ಎಟಕುತ್ತದೆ ಮಾರಾಯ್ತಿ" ಎಂದರು. ಅವರ ಮುಖವನ್ನು ನೀವು ನೋಡಬೇಕಿತ್ತು.

ಈಗ ನೀವು ಕೇಳದ ಸುದ್ದಿ ಹೇಳುತ್ತೇನೆ, ಗಟ್ಟಿಯಾಗಿ ಕೂತುಕೊಳ್ಳಿ. ಅಮ್ಮ ಡ್ರೈವಿಂಗ್ ಕ್ಲಾಸಿಗೆ ಸೇರಿದರು. ಒಂದು ಸಲ ಫೇಲಾಗಿ, ಎರಡನೇ ಸಲ ಲೈಸೆನ್ಸ್ ತಂದರು. ಕಳೆದ ಭಾನುವಾರ ಬೆಳಿಗ್ಗೆ ಅವರೇ ಓಡಿಸಿದರು. ಎತ್ತರದ ಸೇತುವೆಯ ಮೇಲಿನ ಫ್ರೀವೇ ಖಾಲಿಯಿತ್ತು. ಶಿವಡಿಯ ಹತ್ತಿರ ಕೆಳಗೆ ಕೊಲ್ಲಿಯ ಮೇಲೆ ಮಂಜು. ಗಾಡಿ ನೆಲ ಮುಟ್ಟುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನನಗೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ... ಹಿಂದಿನ ಸೀಟಿನಲ್ಲಿ ನೀವು ಕೂತಿದ್ದೀರಿ ಎಂದನಿಸಿ ಎರಡು ಸಲ ತಿರುಗಿ ನೋಡಿದೆ.

ಮರೀನ್ ಡ್ರೈವಿನಲ್ಲಿ ಗಾಡಿ ನಿಲ್ಲಿಸಿ ಅಮ್ಮ ಬಾಗಿಲು ತೆಗೆದರು, ಕಾಲು ಹೊರಗಿಟ್ಟರು, ಹಾಗೇ ನಿಂತರು.

"ಅಯ್ಯೋ, ನನ್ನ ಚಪ್ಪಲಿ ಗೇಟಿನ ಹತ್ರವೇ ಬಾಕಿ!"

ನಾವು ನಕ್ಕ ನಗುವಿಗೆ ಪಕ್ಕದವರು ತಿರುಗಿ ನೋಡಿದರು. ಅಮ್ಮ ಬರಿಗಾಲಲ್ಲೇ ಹೋಗಿ ನಿಮ್ಮ ಕಟ್ಟೆಯ ಮೇಲೆ ಕೂತರು. ವಾಪಸು ಬಂದಾಗ ವಾಚ್‌ಮನ್ ಚಪ್ಪಲಿಯನ್ನು ತನ್ನ ಕುರ್ಚಿಯ ಕೆಳಗೆ ಜೋಪಾನವಾಗಿ ಇಟ್ಟಿದ್ದ.

ಚಿಂತೆ ಮಾಡಬೇಡಿ ಅಪ್ಪಾ. ನಿನ್ನೆಯ ಪೇಪರನ್ನು ಗಾಡಿಯಲ್ಲಿ ಇಟ್ಟಿದ್ದೇನೆ. ಇನ್ನು ಮೇಲೆ ಚಪ್ಪಲಿ ಎತ್ತಿಕೊಳ್ಳುವ ಕೆಲಸ ನನ್ನದು.

ನಿಮ್ಮ ಎರಡನೇ ನಂಬರ್