ಗಡ್ಡೆಯ ತವರೂರು

ಆರೋಗ್ಯ ಯೋಜನೆಯ ಮಾನ್ಯ ಮಂಜೂರಾತಿ ಅಧಿಕಾರಿಗಳೇ,

ನಮ್ಮ ಅತ್ತೆ ಶಿವಲಿಂಗಮ್ಮನವರ ಚಿಕಿತ್ಸೆಯ ಅರ್ಜಿಯನ್ನು ತಾವು ಎರಡನೇ ಸಲವೂ ತಿರಸ್ಕರಿಸಿದ್ದೀರಿ. ಕಾರಣ ಓದಿ ನಕ್ಕೂ ನಕ್ಕೂ ನನಗೆ ಹೊಟ್ಟೆನೋವು ಬಂದಿದೆ. ಗಾಬರಿಯಾಗಬೇಡಿ, ಈ ನೋವು ಹೊಟ್ಟೆಯಲ್ಲೇ ಇದೆ, ದಾಖಲೆಗೆ ತಾಳೆಯಾಗುತ್ತದೆ.

ಮೊದಲ ಸಲ ತಾವು ಬರೆದದ್ದು: 'ಕಾಯಿಲೆ ಮೂತ್ರಪಿಂಡದ್ದು, ಗಡ್ಡೆ ಕುತ್ತಿಗೆಯಲ್ಲಿ. ಅಂಗಗಳು ತಾಳೆಯಾಗುತ್ತಿಲ್ಲ.' ವೈದ್ಯರ ವಿವರಣೆ ಲಗತ್ತಿಸಿ ಮತ್ತೆ ಕಳಿಸಿದೆವು. ಎರಡನೆಯ ಉತ್ತರ ಇನ್ನೂ ರಸವತ್ತಾಗಿತ್ತು: 'ಸದರಿ ಮೂತ್ರಪಿಂಡವನ್ನು ೨೦೧೯ರಲ್ಲೇ ತೆಗೆಯಲಾಗಿದೆ. ಇಲ್ಲದ ಅಂಗಕ್ಕೆ ಕ್ಯಾನ್ಸರ್ ಬರಲು ಸಾಧ್ಯವಿಲ್ಲ.' ಈ ತರ್ಕಕ್ಕೆ ಕ್ಯಾನ್ಸರೇ ನಾಚಿ ಊರು ಬಿಡಬೇಕಿತ್ತು. ಬಿಡಲಿಲ್ಲ. ಓದುಬರಹ ಬಾರದ ಕಾಯಿಲೆ ನೋಡಿ, ತಮ್ಮ ಆದೇಶ ಓದಿಲ್ಲ.

ನಡೆದದ್ದು ಇಷ್ಟು. ಕ್ಯಾನ್ಸರೆಂದು ಕಿಡ್ನಿ ತೆಗೆದ ಮೇಲೆ ಅತ್ತೆ ಆರು ವರ್ಷ ಗಟ್ಟಿಮುಟ್ಟಾಗಿದ್ದರು. ಹೋದ ದೀಪಾವಳಿಯ ಹೊತ್ತಿಗೆ ಕುತ್ತಿಗೆಯಲ್ಲಿ ನಿಂಬೆಕಾಯಿಯಷ್ಟು ಊತ. ಪಕ್ಕದ ಮನೆಯ ಬೈರಮ್ಮ, ಮಕ್ಕಳಿಗೆ ಬರುವ ಕೆಪ್ಪಟರಾಯ ಅರವತ್ತೊಂದರ ಹೆಂಗಸಿಗೆ ಬಂದಿದ್ದಾನೆಂದು ಕೆಮ್ಮಣ್ಣು ಹಚ್ಚಿದರು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿದ ಡಾಕ್ಟರು, "ಇದು ಕುತ್ತಿಗೆಯ ಕ್ಯಾನ್ಸರ್ ಅಲ್ಲಮ್ಮ. ಕಿಡ್ನಿಯದು, ಅದನ್ನು ತೆಗೆಯುವ ಮೊದಲೇ ಅಲ್ಲಿಂದ ಹೊರಟು ಇಲ್ಲಿ ಬಂದು ಕೂತಿದೆ. ಎಲ್ಲಿ ಕೂತರೂ ಹೆಸರು ಕಿಡ್ನಿಯದೇ, ಔಷಧಿಯೂ ಅದರದೇ" ಎಂದರು.

ನಾನು ಅಳುತ್ತಿದ್ದೆ. ಅತ್ತೆ ನಕ್ಕುಬಿಟ್ಟರು. "ಅಂಗಾದ್ರೆ ಇದೂ ನನ್ನಂಗೇ ಬುಡಿ ಸಾ. ವಿರೂಪಾಕ್ಷಿಪುರಕ್ಕೆ ಸೊಸೆಯಾಗಿ ಬಂದು ನಲವತ್ತು ವರ್ಷ ಆಯ್ತು. ಇವತ್ಗೂ ಊರೋರು ಗುಡೇಮಾರನಳ್ಳಿಯೋಳು ಅಂತ್ಲೇ ಕರೀತಾರೆ. ಅಲ್ಲಿ ತವರುಮನೇನೂ ಕೆಡವಿದ್ದಾಯ್ತು, ಹೆಸರು ಮಾತ್ರ ಹೋಗ್ನಿಲ್ಲ."

ಕಂಡಿರಾ ಸ್ವಾಮಿ? ತಮ್ಮ ಎರಡೂ ಆಕ್ಷೇಪಣೆಗೆ ಮೂರನೇ ಕ್ಲಾಸು ಓದಿದ ಹೆಂಗಸು ಒಂದೇ ಉಸಿರಿಗೆ ಉತ್ತರ ಕೊಟ್ಟಿದ್ದಾರೆ. ಇದನ್ನು ಯಾವ ನಮೂನೆಯಲ್ಲಿ ಭರ್ತಿ ಮಾಡಿ ಕಳಿಸಬೇಕು? ತವರುಮನೆ ಬಿದ್ದುಹೋದ ಹೆಣ್ಣು ತವರಿಲ್ಲದೇ ಹುಟ್ಟಿದವಳು ಎಂದು ತಮ್ಮ ಯಾವ ಸುತ್ತೋಲೆಯಲ್ಲಿದೆ?

ಮಾತ್ರೆ ಈಗಲೇ ಶುರುವಾದರೆ ಗಡ್ಡೆ ಕುಗ್ಗಬಹುದು ಎಂದಿದ್ದಾರೆ ಡಾಕ್ಟರು. ಅದನ್ನು ಕೇಳಿದಾಗಿನಿಂದ ಅತ್ತೆ ಸೊಸೆ ಇಬ್ಬರೂ ಹುಚ್ಚು ಹಿಡಿದವರ ಹಾಗೆ ನಗುತ್ತಿದ್ದೇವೆ. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಆದರೆ ವಾರದಿಂದ ಅತ್ತೆಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿಲ್ಲ, ಅಂಬಲಿ ಕುಡಿಯುತ್ತಿದ್ದಾರೆ. ನನಗೆ ಭಯವಾಗಿದೆ ಸ್ವಾಮಿ, ಅದಕ್ಕೇ ಇಷ್ಟು ನಗು.

ಸೋಮವಾರದೊಳಗೆ ಮಂಜೂರು ಮಾಡಿ. ಇನ್ನೂ ಅನುಮಾನ ಉಳಿದಿದ್ದರೆ, ಅತ್ತೆ ಒಂದು ಪ್ರಶ್ನೆ ಬರೆಸಿದ್ದಾರೆ: "ಆ ಸಾಹೇಬ್ರ ಅವ್ವನ್ನ ಗಂಡನ ಊರಲ್ಲಿ ಏನಂತ ಕರೀತಿದ್ರು, ಒಸಿ ಕೇಳವ್ವ."

ಇಂತಿ,
ಹನ್ನೊಂದು ವರ್ಷದಿಂದ ವಿರೂಪಾಕ್ಷಿಪುರದ ನೀರು ಕುಡಿದರೂ ಇನ್ನೂ 'ಮಾಗಡಿಯೋಳು' ಆಗಿಯೇ ಉಳಿದಿರುವ ಸೊಸೆ,
ರಮ್ಯಾ